ಆಪತ್ತಿನ ಜಾಗದಲ್ಲಿ ಯಜಮಾನಿಕೆ ಯಾರದ್ದು?

ಮಳೆಗಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಕಾಗದಗಳ ಧಾಟಿಯೂ ಬದಲಾಗುತ್ತದೆ. ಈ ಸಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರದ್ದೇ ಹೆಚ್ಚು. ನೆರೆ, ಗುಡ್ಡ ಜರಿತ, ಗ್ಯಾಸ್ ಟ್ಯಾಂಕರ್, ಜಾತ್ರೆಯ ಜನಜಂಗುಳಿ ಎಂದು ವಿಷಯ ಬೇರೆ ಬೇರೆ. ಆದರೆ ಬಹುಮಂದಿ ಕೇಳಿದ್ದು ಒಂದನ್ನೇ: ಅನಾಹುತವಾದ ಜಾಗದಲ್ಲಿ ಯಾರ ಮಾತು ನಡೆಯಬೇಕು? ಹೆಸರು ಹಾಕಬೇಡಿ ಎಂದವರೇ ಜಾಸ್ತಿ ಇದ್ದುದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ನಮ್ಮದು ಪಾಣೆಮಂಗಳೂರಿನ ಹತ್ತಿರ ಹೊಳೆಬದಿ. ನೇತ್ರಾವತಿ ಏರಿದ ದಿನ ನಮ್ಮ ಯುವಕ ಮಂಡಲದವರು ದೋಣಿ ಹಿಡಿದು ಹೊರಡುತ್ತೇವೆ. ತಹಶೀಲ್ದಾರರು ಒಂದು ಹೇಳುತ್ತಾರೆ, ಪೊಲೀಸರು ಇನ್ನೊಂದು. ಅಷ್ಟರಲ್ಲಿ ಎ.ಸಿ. ಬರುತ್ತಾರೆ, ಜನಪ್ರತಿನಿಧಿಗಳು ಬರುತ್ತಾರೆ. ಎಲ್ಲರೂ ಒಳ್ಳೆಯದಕ್ಕೇ ಹೇಳುವುದು. ನಾವು ಯಾರ ಮಾತು ಕೇಳಬೇಕು?
— ಯುವಕ ಮಂಡಲದ ಕಾರ್ಯದರ್ಶಿ, ಬಂಟ್ವಾಳ ತಾಲೂಕು

ಉತ್ತರ: ಒಬ್ಬರ ಮಾತು. ಆ ಒಬ್ಬರು ಯಾರೆಂಬುದು ಮೊದಲೇ ಗೊತ್ತಿರಬೇಕು, ಅಷ್ಟೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ ಅಧ್ಯಕ್ಷರು. (2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆ ಕುರ್ಚಿ ಖಾಲಿ ಬಿದ್ದದ್ದನ್ನು ನೀವೂ ನೋಡಿದ್ದೀರಿ.) 2010ರ ಜುಲೈಯಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇದನ್ನೇ ಸ್ಥಳದ ಮಟ್ಟಕ್ಕೆ ಇಳಿಸಿತು. ಅದರಲ್ಲಿ ಜಿಲ್ಲಾಧಿಕಾರಿ ಇಡೀ ಜಿಲ್ಲೆಯ ಹೊಣೆಗಾರ. ಉಪವಿಭಾಗದಲ್ಲಿ ಎ.ಸಿ., ತಾಲೂಕಿನಲ್ಲಿ ತಹಶೀಲ್ದಾರರು ಇನ್ಸಿಡೆಂಟ್ ಕಮಾಂಡರ್. ಕೋವಿಡ್ ಲಾಕ್‌ಡೌನಿನ ದಿನಗಳಲ್ಲಿ ಈ ಪದವಿಯ ಹೆಸರು ನಿಮ್ಮ ಕಿವಿಗೂ ಬಿದ್ದಿರಬೇಕು. 2020ರ ಮಾರ್ಚ್‌ನ ಕೇಂದ್ರದ ಆದೇಶದಲ್ಲಿ ಅದು ಇತ್ತು.

ಇನ್ನು ನಿಮ್ಮ ನಿಜವಾದ ತೊಂದರೆ. ತಹಶೀಲ್ದಾರರು ಕೆಲಸ ಹಂಚಿ ಆಗಿದೆ, ಆಗ ಎ.ಸಿ. ಜೀಪಿನಿಂದ ಇಳಿಯುತ್ತಾರೆ. ಮೇಲಧಿಕಾರಿ ಬಂದ ಕ್ಷಣಕ್ಕೇ ಯಜಮಾನಿಕೆ ತಾನಾಗಿ ಅವರಿಗೆ ಹೋಗುವುದಿಲ್ಲ. ವಹಿಸಿಕೊಳ್ಳುವುದಾದರೆ ಮೊದಲು ಇದ್ದವರಿಂದ ವಿವರ ಕೇಳಿಕೊಳ್ಳಬೇಕು: ಎಷ್ಟು ಮನೆ ಖಾಲಿಯಾಗಿದೆ, ಯಾವ ದೋಣಿ ಎಲ್ಲಿಗೆ ಹೋಗಿದೆ, ಏನು ಬಾಕಿ. ಕೇಳಿ ಮುಗಿದ ಮೇಲೆ "ಇನ್ನು ಮುಂದೆ ನಾನು" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಾಗೆ ಹೇಳುವ ತನಕ ತಹಶೀಲ್ದಾರರೇ. ವಹಿಸಿಕೊಂಡ ಮೇಲೂ ಕೆಳಗಿನ ತಂಡ ಮನೆಗೆ ಹೋಗುವುದಿಲ್ಲ, ಹೊಸ ತಂಡದ ಅಂಗವಾಗಿ ಕೆಲಸ ಮುಂದುವರಿಸುತ್ತದೆ. ವಹಿಸಿಕೊಳ್ಳುವ ಮನಸ್ಸಿಲ್ಲದಿದ್ದರೆ ಮೇಲಧಿಕಾರಿ ಬದಿಯಲ್ಲಿ ನಿಂತು, ತಹಶೀಲ್ದಾರರಿಗೆ ಬೇಕಾದ ಲಾರಿ, ದೋಣಿ, ಆಸ್ಪತ್ರೆಯ ವ್ಯವಸ್ಥೆ ಮಾಡಿಕೊಡಲಿ. ಮದುವೆಮನೆಯಲ್ಲಿ ಎಷ್ಟೇ ದೊಡ್ಡ ನೆಂಟರು ಬಂದರೂ ಬಡಿಸುವವರಿಗೆ ಅಪ್ಪಣೆ ಅಡುಗೆಭಟ್ಟರಿಂದಲೇ ಹೋಗುವುದು. ನೆಂಟರು ಸೌಟು ಕೈಗೆತ್ತಿಕೊಂಡರೆ ಮೂರನೇ ಪಂಕ್ತಿಗೆ ಸಾರು ಮುಟ್ಟುವುದಿಲ್ಲ.

ಜನಪ್ರತಿನಿಧಿಗಳ ಬಗ್ಗೆ ಬೇಸರ ಬೇಡ. ಅವರು ಬರಲೇಬೇಕು. ಮನೆ ಬಿಟ್ಟು ಬರಲು ಒಪ್ಪದ ಅಜ್ಜಿಯನ್ನು ದೋಣಿ ಹತ್ತಿಸುವುದು ಎಷ್ಟೋ ಸಲ ವಾರ್ಡಿನ ಮೆಂಬರರಿಗೆ ಮಾತ್ರ ಸಾಧ್ಯ. ಬೆಂಗಳೂರಿಗೆ ಫೋನ್ ಮಾಡಿ ಹೆಚ್ಚುವರಿ ತಂಡ ತರಿಸುವ ಶಕ್ತಿ ಶಾಸಕರಿಗೆ ಉಂಟು. ಆದರೆ ದೋಣಿಯನ್ನು ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂಬ ಅಪ್ಪಣೆ ಅವರಿಂದ ಬರಬಾರದು. ಬಂದರೆ ನೀವು ಮರ್ಯಾದೆಯಿಂದಲೇ ಹೇಳಿ: "ತಹಶೀಲ್ದಾರರ ಹತ್ತಿರ ಒಂದು ಮಾತು ಹೇಳಿಬಿಡಿ ಸರ್, ಅವರು ಹೇಳಿದ ಕೂಡಲೇ ಹೋಗುತ್ತೇವೆ."

ಇನ್ನೂ ಒಂದು. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ಆಲಡ್ಕದ ಮನೆಗಳಿಗೆ ನೀರು ನುಗ್ಗುವುದು ಎಷ್ಟಕ್ಕೆ ಎಂದು ನಿಮ್ಮ ಹಿರಿಯರಿಗೆ ಬೆರಳ ತುದಿಯಲ್ಲಿ ಗೊತ್ತಿರುತ್ತದೆ. 1923ರ ಮಾರಿಬೊಳ್ಳದ ನೀರು ಎಲ್ಲಿಯ ತನಕ ಬಂತು, 1974ರದ್ದು ಎಲ್ಲಿಗೆ ನಿಂತಿತು ಎಂಬ ಲೆಕ್ಕ ಕಡತಕ್ಕಿಂತ ಹೆಚ್ಚು ಊರವರ ಬಾಯಲ್ಲೇ ಉಳಿದಿದೆ. ಶಂಭೂರಿನ ಅಣೆಕಟ್ಟನ್ನು ನಡೆಸುವುದು ಖಾಸಗಿ ವಿದ್ಯುತ್ ಕಂಪೆನಿ, ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು ಮಂಗಳೂರು ಮಹಾನಗರ ಪಾಲಿಕೆಯದ್ದು. ಎರಡರ ಬಾಗಿಲು ತೆರೆಯುವ ಸುದ್ದಿ ಕಮಾಂಡರರ ಕಿವಿಗೆ ಒಂದೇ ದಾರಿಯಿಂದ ಬರಬೇಕು. ನಿಮ್ಮ ಮಂಡಲದ ಹಿರಿಯರೊಬ್ಬರನ್ನು ತಹಶೀಲ್ದಾರರ ಪಕ್ಕ ಕೂರಿಸಿ, ದೋಣಿಗೆ ಕಿರಿಯರನ್ನು ಕಳಿಸಿ. ಹೆಚ್ಚಿನ ಮಂಡಲಗಳು ಇದನ್ನು ತಿರುಗಾಮುರುಗಾ ಮಾಡುತ್ತವೆ.

ಪ್ರಶ್ನೆ: ಮಾನ್ಯರೇ, ಮಾಣಿ ಕಡೆ ಹೆದ್ದಾರಿ ಬದಿಯಲ್ಲಿ ನನ್ನದೊಂದು ಸಣ್ಣ ಹೋಟೆಲು. ದಿನವೂ ಗ್ಯಾಸಿನ ಬುಲೆಟ್ ಟ್ಯಾಂಕರುಗಳು ಎದುರಿನಿಂದಲೇ ಹೋಗುವುದು. ಪೆರ್ನೆಯದ್ದು ಕಣ್ಣಾರೆ ಕಂಡವ ನಾನು. ಅಂಥದ್ದು ಇನ್ನೊಮ್ಮೆ ಆದರೆ ಫೈರ್ ಎಂಜಿನ್ ಬರುವ ತನಕ ಅಲ್ಲಿ ಯಾರೂ ಇರುವುದಿಲ್ಲವಲ್ಲ, ಆಗ ಯಾರು ಕಮಾಂಡರ್?
— ಹೋಟೆಲ್ ಮಾಲೀಕ, ಬಂಟ್ವಾಳ ತಾಲೂಕು

ಉತ್ತರ: ಆಗ ನೀವೇ. ಹಾಸ್ಯಕ್ಕೆ ಹೇಳುತ್ತಿಲ್ಲ. ಜವಾಬ್ದಾರಿ ಗೊತ್ತಿರುವ ಮೊದಲನೆಯ ವ್ಯಕ್ತಿ ಯಾರೋ ಅವರೇ ಆ ಹೊತ್ತಿನ ಯಜಮಾನ. ಪೊಲೀಸ್ ಪೇದೆ ಬಂದರೆ ಅವರು, ಅಗ್ನಿಶಾಮಕ ಠಾಣೆಯವರು ಬಂದರೆ ಅವರು. ಹೀಗೆ ಕೈದಾಟುತ್ತಾ ಹೋಗುತ್ತದೆ.

2013ರ ಏಪ್ರಿಲ್ 9ರಂದು ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಸೋರಿದ ಅನಿಲಕ್ಕೆ ಬೆಂಕಿ ಹತ್ತಿ ರಸ್ತೆಬದಿಯ ಮನೆ, ಅಂಗಡಿ, ಜೀವ ಎಲ್ಲವನ್ನೂ ಕೊಂಡುಹೋಯಿತು. ಆ ಅನಿಲದ ಸ್ವಭಾವ ಗೊತ್ತಿದ್ದರೆ ಮೊದಲ ಐದು ನಿಮಿಷದ ಕೆಲಸ ತಾನಾಗಿ ಹೊಳೆಯುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೆ ಹಾರಿಹೋಗುವುದಿಲ್ಲ. ಚರಂಡಿ, ತೋಡು, ತಗ್ಗಿನ ಅಡಿಕೆ ತೋಟ ಹಿಡಿದು ನೆಲದಲ್ಲೇ ಹರಿಯುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಹತ್ತಿಕೊಳ್ಳಲು ಒಂದು ಕಿಡಿ ಮಾತ್ರ ಬಾಕಿ. ಒಲೆ ಆಗಲಿ, ಬೈಕಿನ ಕಿಕ್ ಆಗಲಿ, ಫ್ರಿಜ್ಜಿನೊಳಗಿನ ಸ್ವಿಚ್ ಆಗಲಿ, ಕಿಡಿಗೆ ಭೇದವಿಲ್ಲ.

ಆದ್ದರಿಂದ ನಿಮ್ಮ ಮೊದಲ ಅಪ್ಪಣೆ ನಿಮ್ಮ ಅಡುಗೆಮನೆಗೇ: ಒಲೆ ಆರಿಸಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ದೀಪ ಉರಿಯುತ್ತಿದ್ದರೆ ಉರಿಯಲಿ, ಆರಿದ್ದರೆ ಆರಿರಲಿ. ಎರಡನೆಯದು, ಗಾಳಿ ಎತ್ತ ಬೀಸುತ್ತದೆ ನೋಡಿ, ಅದಕ್ಕೆ ಎದುರಾಗಿ ಎತ್ತರದ ಕಡೆ ಜನರನ್ನು ನಡೆಸಿ. ವಾಹನ ಚಾಲೂ ಮಾಡಲು ಬಿಡಬೇಡಿ. ಮೂರನೆಯದು, ಇಬ್ಬರು ಹುಡುಗರನ್ನು ರಸ್ತೆಯ ಎರಡೂ ಕಡೆಗೆ ಓಡಿಸಿ, ಬಹಳ ದೂರದಲ್ಲೇ ಬಸ್ಸು ಲಾರಿ ನಿಲ್ಲಿಸುವಂತೆ ಹೇಳಿ. ಅಪಾಯಕಾರಿ ಸರಕಿನ ಅಪಘಾತಗಳಿಗೆ ಜಗತ್ತಿನ ಅನೇಕ ಕಡೆ ಬಳಸುವ ಕೈಪಿಡಿಯಲ್ಲಿರುವ ಅಂತರ ಇದು: ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿನಲ್ಲಿ 800 ಮೀಟರ್, ಟ್ಯಾಂಕರಿಗೇ ಬೆಂಕಿ ಹತ್ತಿದ್ದರೆ ಸುತ್ತಲೂ 1600 ಮೀಟರ್. ಒಂದು ಮೈಲಿ! ನಮ್ಮಲ್ಲಿ ಜನ ನಿಂತು ವಿಡಿಯೋ ಮಾಡುವುದು ನೂರು ಮಾರು ದೂರದಲ್ಲಿ.

ಆಮೇಲೆ, ಅಂದರೆ ನೀವೂ ದೂರ ಹೋದ ಮೇಲೆ, ಫೋನ್. 112ಕ್ಕೆ ಹೇಳಿ. ಟ್ಯಾಂಕರಿನ ಹಿಂಬದಿಯ ಕಿತ್ತಳೆ ಬಣ್ಣದ ಫಲಕದಲ್ಲಿ 1075 ಎಂಬ ಸಂಖ್ಯೆ ದೂರದಿಂದಲೇ ಕಂಡರೆ ಅದನ್ನು ಹೇಳಿ. ಒಳಗಿರುವುದು ಎಲ್‌ಪಿಜಿ ಎಂದು ಅಷ್ಟರಿಂದಲೇ ಅವರಿಗೆ ತಿಳಿಯುತ್ತದೆ. ಅನಿಲ ಸೋರಿಕೆಗೆಂದೇ ಇರುವ ಸಂಖ್ಯೆ 1906. ಮೆಸ್ಕಾಂಗೆ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಆಫ್ ಮಾಡುವುದು ಸಬ್‌ಸ್ಟೇಷನ್ನಿನಿಂದಲೇ ಆಗಬೇಕು. ಲೈನ್‌ಮನ್ ಅಣ್ಣ ಅಲ್ಲೇ ಕಂಬದ ಸ್ವಿಚ್ ಎಳೆದರೆ ಅದೇ ಕಿಡಿ.

ಅಗ್ನಿಶಾಮಕ ದಳದವರು ಬಂದ ಕೂಡಲೇ ಅವರ ಮುಖ್ಯಸ್ಥರನ್ನು ಹುಡುಕಿ ನಾಲ್ಕು ಮಾತು ಹೇಳಿ: ಎಷ್ಟು ಹೊತ್ತಾಯಿತು, ಅನಿಲ ಎತ್ತ ಹರಿದಿದೆ, ಯಾವ ಮನೆಯಲ್ಲಿ ಇನ್ನೂ ಜನ ಇದ್ದಾರೆ, ಟ್ಯಾಂಕರಿನ ಚಾಲಕ ಎಲ್ಲಿ. ಅಲ್ಲಿಗೆ ನಿಮ್ಮ ಯಜಮಾನಿಕೆ ಮುಗಿಯಿತು. ಮತ್ತೆ ಸಲಹೆ ಕೊಡುತ್ತಾ ಹಿಂದೆ ಸುತ್ತಬೇಡಿ. ಅವರು ಕೇಳಿದಾಗ ಸಿಗುವ ಹಾಗೆ ಇರಿ.

ಪ್ರಶ್ನೆ: ನನ್ನ ಹತ್ತಿರ ಒಂದು ಹಿಟಾಚಿ, ಎರಡು ಟಿಪ್ಪರ್ ಉಂಟು. ಮಳೆಗಾಲದಲ್ಲಿ ಗುಡ್ಡ ಜರಿದಾಗ ಕಳಿಸು ಎಂದು ಫೋನ್ ಬರುತ್ತದೆ, ಕಳಿಸುತ್ತೇನೆ. ಬಾಡಿಗೆ ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಕಳಿಸದಿದ್ದರೆ ಕೇಸು ಎಂದು ಹೆದರಿಸಿದವರೂ ಇದ್ದಾರೆ. ಕಾನೂನು ಏನು?
— ಬೆಳ್ತಂಗಡಿ

ಉತ್ತರ: ಕಾನೂನು ಎರಡೂ ಕಡೆಗೆ ಉಂಟು. ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಂ ಪ್ರಕಾರ ಜಿಲ್ಲಾ ಪ್ರಾಧಿಕಾರ ಅಥವಾ ಅದರ ಅಧಿಕಾರ ಪಡೆದವರು ರಕ್ಷಣಾ ಕೆಲಸಕ್ಕೆ ವಾಹನ, ಕಟ್ಟಡ, ಸಾಮಗ್ರಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. 66ನೇ ಕಲಂ ಪ್ರಕಾರ ನಿಮ್ಮ ಊರಿನಲ್ಲಿ ಆಗ ನಡೆಯುತ್ತಿರುವ ಬಾಡಿಗೆ ದರದ ಆಧಾರದಲ್ಲೇ ಪರಿಹಾರ ಕೊಡಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರಿಗೆ ಒಪ್ಪಿಸಿ ಎಂದು ಅರ್ಜಿ ಕೊಡಬಹುದು. ಸಕಾರಣವಿಲ್ಲದೆ ಆದೇಶಕ್ಕೆ ಅಡ್ಡಿಪಡಿಸಿದರೆ 51ನೇ ಕಲಮಿನಲ್ಲಿ ಶಿಕ್ಷೆಯೂ ಉಂಟು.

ಎಡವಟ್ಟು ಆಗುವುದು ಫೋನಿನಲ್ಲಿ. "ಒಮ್ಮೆ ಕಳಿಸಿ ಮಾರಾಯ್ರೇ, ಆಮೇಲೆ ನೋಡುವ" ಎಂದವರು ಪಿಡಿಒ ಆಗಿರಬಹುದು, ಲೋಕೋಪಯೋಗಿಯ ಎಂಜಿನಿಯರ್ ಆಗಿರಬಹುದು, ಸುಮ್ಮನೆ ಊರಿನ ಪ್ರಮುಖರೊಬ್ಬರೂ ಆಗಿರಬಹುದು. ವಾಟ್ಸಾಪಿನಲ್ಲಾದರೂ ಸರಿ, ಎರಡು ಸಾಲು ಬರೆಸಿಕೊಳ್ಳಿ: ಯಾರ ಆದೇಶ, ಎಲ್ಲಿಗೆ, ಯಾವ ಹೊತ್ತಿನಿಂದ. ಸ್ಥಳಕ್ಕೆ ಹೋದ ಆಪರೇಟರ್ ಮೀಟರಿನ ಗಂಟೆ ಬರೆದು ಅಲ್ಲಿರುವ ಅಧಿಕಾರಿಯ ಸಹಿ ಹಾಕಿಸಲಿ. ಘಟನಾ ಸ್ಥಳದ ತಂಡದಲ್ಲಿ ಲಾಜಿಸ್ಟಿಕ್ಸ್ ಎಂಬ ವಿಭಾಗ ಇರುವುದೇ ಇಂಥ ಲೆಕ್ಕಕ್ಕೆ. ನಮ್ಮ ತಾಲೂಕುಗಳಲ್ಲಿ ಅದು ಕಾಗದದ ಮೇಲೆ ಮಾತ್ರ ಇರುವುದರಿಂದ ನೀವೇ ಜಾಗ್ರತೆ ಮಾಡಬೇಕು.

ಪ್ರಶ್ನೆ: ನಾವು ಮೂಡುಬಿದಿರೆಯವರು. ವೇಣೂರಿನ ಹತ್ತಿರ ಪಟಾಕಿ ತಯಾರಿಸುವಲ್ಲಿ ಸ್ಫೋಟವಾದಾಗ ಇಲ್ಲಿಂದಲೂ ತುಂಬ ಜನ ಓಡಿದರು. ಅಲ್ಲಿ ನಿಂತು ಯೋಚಿಸಿದೆ: ಇದು ಬೆಳ್ತಂಗಡಿ ತಾಲೂಕು, ನಾವು ಬೇರೆ ತಾಲೂಕು, ಪೊಲೀಸರೂ ಬೇರೆ ಬೇರೆ. ಇಂಥ ಗಡಿಯಲ್ಲಿ ಆದರೆ ಯಾರು ನೋಡಿಕೊಳ್ಳುವುದು?
— ನಿವೃತ್ತ ಶಿಕ್ಷಕಿ, ಮೂಡುಬಿದಿರೆ

ಉತ್ತರ: ಟೀಚರ್, ಒಳ್ಳೆಯ ಪ್ರಶ್ನೆ. ಕಚೇರಿಯಲ್ಲಿರುವವರೂ ಇದನ್ನು ಇಷ್ಟು ಬಿಡಿಸಿ ಯೋಚಿಸುವುದಿಲ್ಲ.

ನಿಮ್ಮ ಮೂರು ತಾಲೂಕುಗಳ ಗಡಿಗೆರೆಗಳು ಒಂದರ ಮೇಲೊಂದು ಕೂರುವುದೇ ಇಲ್ಲ. ಕಂದಾಯದ ಲೆಕ್ಕದಲ್ಲಿ ಬಂಟ್ವಾಳ, ಮೂಡುಬಿದಿರೆ ಎರಡೂ ಮಂಗಳೂರು ಎ.ಸಿ.ಯವರ ಕೆಳಗೆ, ಬೆಳ್ತಂಗಡಿ ಮಾತ್ರ ಪುತ್ತೂರು ಎ.ಸಿ.ಯವರ ಕೆಳಗೆ. ಪೊಲೀಸ್ ಲೆಕ್ಕದಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು ಜಿಲ್ಲಾ ಎಸ್‌ಪಿಯವರದ್ದು. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರರದ್ದು. ಬಂಟ್ವಾಳ, ಮೂಡುಬಿದಿರೆ ಕಂದಾಯದಲ್ಲಿ ಒಂದೇ ಮನೆ, ಪೊಲೀಸಿನಲ್ಲಿ ಎರಡು ಮನೆ. ಇದರ ಮೇಲೆ ಸ್ವಲ್ಪ ಆಚೆ ಹೋದರೆ ಕಾರ್ಕಳ, ಅಂದರೆ ಉಡುಪಿ ಜಿಲ್ಲೆ. ಘಟ್ಟದ ಕಡೆ ಹೋದರೆ ಚಾರ್ಮಾಡಿಯ ತಿರುವುಗಳ ಕೆಳಗಿನ ಪಾಲು ನಮ್ಮದು, ಮೇಲಿನ ಪಾಲು ಚಿಕ್ಕಮಗಳೂರು ಜಿಲ್ಲೆಯದ್ದು. ಅಲ್ಲಿ ಗುಡ್ಡ ಜರಿದರೆ ಕೊಟ್ಟಿಗೆಹಾರದಲ್ಲೂ ವಾಹನ ತಡೆಯಬೇಕು, ಚಾರ್ಮಾಡಿ ಗೇಟಿನಲ್ಲೂ ತಡೆಯಬೇಕು, ಎರಡೂ ಒಂದೇ ಹೊತ್ತಿಗೆ. ಒಂದು ಕಡೆ ಹತ್ತು ನಿಮಿಷ ತಡವಾದರೆ ಘಟ್ಟದ ನಡುವೆ ಬಸ್ಸುಗಳು ಸಿಕ್ಕಿಬೀಳುತ್ತವೆ.

ಇಂಥಲ್ಲಿ ನಡೆಯುವ ಕ್ರಮ ಹೀಗೆ. ಗಡಿ ಯಾರದ್ದೇ ಇರಲಿ, ಹತ್ತಿರ ಇರುವ ವಾಹನ ಮೊದಲು ಹೊರಡುತ್ತದೆ. ಮೂಡುಬಿದಿರೆ ಅಗ್ನಿಶಾಮಕ ಠಾಣೆ ಹತ್ತಿರವಾದರೆ ಬೆಳ್ತಂಗಡಿಯವರಿಗೆ ಕಾಯಬೇಕಾಗಿಲ್ಲ. ಸ್ಥಳ ಯಾವ ತಾಲೂಕಿನದ್ದೋ ಆ ತಾಲೂಕಿನ ಅಧಿಕಾರಿ ಬಂದ ಮೇಲೆ ಹೊಣೆ ಅವರಿಗೆ. ಘಟನೆ ನಿಜವಾಗಿಯೂ ಎರಡು ಕಡೆ ಚಾಚಿಕೊಂಡಿದ್ದರೆ, ಉದಾಹರಣೆಗೆ ಸ್ಫೋಟ ಈಚೆ, ಆಸ್ಪತ್ರೆಯೂ ರಸ್ತೆ ತಡೆಯೂ ಆಚೆ ಆಗಿದ್ದರೆ, ಇಬ್ಬರು ಅಧಿಕಾರಿಗಳು ಒಂದೇ ಜಾಗದಲ್ಲಿ, ಒಂದೇ ಮೇಜಿನ ಹತ್ತಿರ ನಿಂತು, ಒಂದೇ ಯೋಜನೆಗೆ ಒಪ್ಪಬೇಕು. ಇಬ್ಬರು ಎರಡು ಜೀಪಿನಲ್ಲಿ ಕೂತು ಎರಡು ವೈರ್‌ಲೆಸ್ಸಿನಲ್ಲಿ ಮಾತಾಡಿದರೆ ಕೆಳಗಿನವರಿಗೆ ಎರಡು ಯೋಜನೆಯೇ ಸಿಗುವುದು.

ಈ ವ್ಯವಸ್ಥೆ ಹುಟ್ಟಿದ್ದೂ ಇಂಥ ಗಡಿ ತಕರಾರಿನಿಂದಲೇ. 1970ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು 13 ದಿನ ಉರಿಯಿತು. 16 ಜೀವ ಹೋಯಿತು, 700 ಕಟ್ಟಡ ಸುಟ್ಟಿತು. ನಗರದ್ದು, ಕೌಂಟಿಯದ್ದು, ರಾಜ್ಯದ್ದು, ಅರಣ್ಯ ಇಲಾಖೆಯದ್ದು ಎಂದು ದಳಗಳೇನೋ ಸಾಕಷ್ಟು ಬಂದಿದ್ದವು. ಆದರೆ ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಒಂದೇ ಸಾಮಗ್ರಿಗೆ ನಾಲ್ಕು ಹೆಸರು. ಆ ಪಾಠದ ಮೇಲೆ ಕಟ್ಟಿದ್ದನ್ನೇ ನಮ್ಮ 2010ರ ಮಾರ್ಗಸೂಚಿ ಇಲ್ಲಿನ ಕಲೆಕ್ಟರ್–ತಹಶೀಲ್ದಾರ್ ಪದ್ಧತಿಗೆ ಹೊಂದಿಸಿಕೊಂಡಿತು.

ಇನ್ನು ನೀವು ನೋಡಿದ ಘಟನೆ. 2024ರ ಜನವರಿ 28ರ ಭಾನುವಾರ ಸಂಜೆ ಕುಕ್ಕೇಡಿ ಗ್ರಾಮದಲ್ಲಿ ಆದ ಆ ಸ್ಫೋಟದಲ್ಲಿ ಮೂವರು ಕಾರ್ಮಿಕರು ತೀರಿಹೋದರು. ನೆರವಿಗೆಂದು ಊರವರು ಓಡಿದ್ದು ನಮ್ಮ ಕಡೆಯ ಸಹಜ ಗುಣ. ಆದರೆ ಮದ್ದಿನ ಜಾಗದಲ್ಲಿ ಒಂದು ಸ್ಫೋಟ ಆಯಿತೆಂದರೆ ಅಲ್ಲಿದ್ದ ಮದ್ದೆಲ್ಲ ಮುಗಿಯಿತು ಎಂದರ್ಥವಲ್ಲ. ಚದುರಿ ಬಿದ್ದದ್ದು, ಅರ್ಧ ಸುಟ್ಟದ್ದು, ಬಿಸಿಲಿಗೆ ಒಣಗಲು ಹಾಕಿದ್ದು ಇರುತ್ತದೆ. ಅದಕ್ಕೇ ಸ್ಥಳದ ತಂಡದಲ್ಲಿ ಸುರಕ್ಷತಾ ಅಧಿಕಾರಿ ಎಂದು ಒಬ್ಬರನ್ನು ಇಡುವುದು. ಅಪಾಯ ಕಂಡರೆ ಯಾರನ್ನೂ ಕೇಳದೆ ಕೆಲಸ ನಿಲ್ಲಿಸುವ ಹಕ್ಕು ಅವರಿಗಿದೆ. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ನಮ್ಮವರು ಅತಿ ಹೆಚ್ಚು ಕಡೆಗಣಿಸುವ ಹುದ್ದೆ ಅದು. ಬೇರೆ ಕೆಲಸ ಇಲ್ಲದವರಿಗೆ ಕೊಡುವ ಅಲಂಕಾರದ ಪದವಿ ಎಂದುಕೊಂಡಿದ್ದಾರೆ.

ಪ್ರಶ್ನೆ: 2019ರ ಆಗಸ್ಟ್‌ನಲ್ಲಿ ನಮ್ಮ ಕಡೆ ನೆರೆ ಬಂದಾಗ ಸಹಾಯಕ್ಕೆ ಬಂದವರಿಗೆ ಲೆಕ್ಕವೇ ಇರಲಿಲ್ಲ. ಅವರ ಋಣ ತೀರಿಸುವಂಥದ್ದಲ್ಲ. ಆದರೂ ಹೇಳಬೇಕು: ಒಂದೇ ಮನೆಗೆ ಐದು ತಂಡ ಅಕ್ಕಿ ಕೊಟ್ಟಿತು, ಮೇಲಿನ ಮನೆಗಳಿಗೆ ಯಾರೂ ಹೋಗಲಿಲ್ಲ. ಎನ್‌ಡಿಆರ್‌ಎಫ್‌ನವರು ಬಂದರೆ ಅವರಿಗೆ ಹಿಂದಿ, ತೆಲುಗು ಮಾತ್ರ. ನಮ್ಮ ಅಜ್ಜಂದಿರಿಗೆ ತುಳು ಮಾತ್ರ. ಇದನ್ನೆಲ್ಲ ಹೇಗೆ ಸರಿಮಾಡುವುದು?
— ಗ್ರಾಮ ಪಂಚಾಯತ್ ಸದಸ್ಯೆ, ಬೆಳ್ತಂಗಡಿ ತಾಲೂಕು

ಉತ್ತರ: ಆ ವರ್ಷ ಆಗಸ್ಟ್ 9ರಂದು ಬಂದ ನೀರು ಬರೀ ನೀರಲ್ಲ. ಮರಳು, ಬಂಡೆ, ಬೇರುಸಹಿತ ಕಿತ್ತ ಮರಗಳು ಹೊಳೆಯ ಜತೆ ಬಂದು ಚಾರ್ಮಾಡಿ, ದಿಡುಪೆ, ಮಲವಂತಿಗೆ, ಮಿತ್ತಬಾಗಿಲು ಕಡೆಯ ತೋಟಗಳಲ್ಲಿ ಕೂತವು. ಸಂಕಗಳು ಕೊಚ್ಚಿಹೋದವು. ನೆರಿಯದ ಬಾಂಜಾರುಮಲೆಯಂಥ ಜಾಗಕ್ಕೆ ದಾರಿಯೇ ಇಲ್ಲವಾಯಿತು. ನೀವು ಹೇಳುವ "ಮೇಲಿನ ಮನೆಗಳು" ಅಂದರೆ ಇಂಥವೇ. ರಸ್ತೆ ಮುಗಿಯುವಲ್ಲಿ ನೆರವೂ ಮುಗಿಯುತ್ತದೆ. ಪಿಕಪ್ಪಿನಲ್ಲಿ ಬಂದ ತಂಡ ಮೊದಲು ಕಂಡ ಮನೆಗೆ ಕೊಟ್ಟು, ಫೋಟೋ ತೆಗೆದು, ಕತ್ತಲಾಗುವ ಮೊದಲು ಊರಿಗೆ ಹೊರಡುತ್ತದೆ. ಅವರ ತಪ್ಪಲ್ಲ. ಮುಂದೆ ಇನ್ನೂ ಮನೆ ಉಂಟೆಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.

ಆದ್ದರಿಂದ ಬಂದವರೆಲ್ಲ ಮೊದಲು ಒಂದು ಜಾಗದಲ್ಲಿ ನಿಲ್ಲಬೇಕು. ದಿಡುಪೆಗೆ ಹೋಗುವ ಸಪೂರ ರಸ್ತೆಗೆ ನೂರು ವಾಹನ ನುಗ್ಗಿದರೆ ಆಂಬ್ಯುಲೆನ್ಸ್ ಈಚೆ ಬರುವುದು ಹೇಗೆ? ಉಜಿರೆಯಲ್ಲೋ ಮುಂಡಾಜೆಯಲ್ಲೋ ಒಂದು ಶಾಲೆಯ ಮೈದಾನ ಗೊತ್ತುಮಾಡಿ. ಬಂದವರು ಅಲ್ಲಿ ಹೆಸರು ಬರೆಸಲಿ, ಏನು ತಂದಿದ್ದಾರೆ, ಏನು ಬಲ್ಲರು ಹೇಳಲಿ. ಗರಗಸ ಯಂತ್ರ ಉಳ್ಳವರು, ಮರ ಹತ್ತುವವರು, ದಾದಿಯರು, ಅಡುಗೆಯವರು ಎಂದು ಬೇರೆ ಮಾಡಿ. ಐದೈದು ಜನಕ್ಕೆ ಒಬ್ಬ ನಾಯಕ. ಒಬ್ಬರ ಕೈಕೆಳಗೆ ಮೂರರಿಂದ ಏಳು, ಹೆಚ್ಚೆಂದರೆ ಅಷ್ಟೇ, ಐದು ಒಳ್ಳೆಯದು. ಅದಕ್ಕಿಂತ ಹೆಚ್ಚಾದರೆ ಯಾರು ಎಲ್ಲಿ ಹೋದರೆಂದು ನಾಯಕನಿಗೇ ಗೊತ್ತಿರುವುದಿಲ್ಲ. ಸಂಜೆ ಹಿಂತಿರುಗಿದವರು ಅದೇ ಪುಸ್ತಕದಲ್ಲಿ ಸಹಿ ಹಾಕಬೇಕು. ಹಾಕದ ಹೆಸರು ಉಳಿದರೆ ಆ ರಾತ್ರಿ ಹುಡುಕಬೇಕಾದವರ ಪಟ್ಟಿ ಅದೇ.

ನಿಮ್ಮ ತಾಲೂಕಿಗೆ ಇದರಲ್ಲಿ ಒಂದು ಅನುಕೂಲ ಉಂಟು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ "ಶೌರ್ಯ" ವಿಪತ್ತು ನಿರ್ವಹಣಾ ಘಟಕಗಳಲ್ಲಿ ಊರಿನ ಹುಡುಗರೇ ತರಬೇತಿ ಪಡೆದು ಇದ್ದಾರೆ. ಹೊರಗಿನಿಂದ ಬಂದ ಪ್ರತಿ ತಂಡಕ್ಕೂ ಅಂಥ ಒಬ್ಬರನ್ನು ಜೋಡಿಸಿ. ಎನ್‌ಡಿಆರ್‌ಎಫ್‌ನ 10ನೇ ಬೆಟಾಲಿಯನ್ನಿನ ನೆಲೆ ಆಂಧ್ರದಲ್ಲಿ, ಕರ್ನಾಟಕವೂ ಅವರ ವ್ಯಾಪ್ತಿಯದ್ದೇ. ಹಗ್ಗ, ದೋಣಿ, ಕಾಂಕ್ರೀಟ್ ಕತ್ತರಿಸುವ ಕೆಲಸದಲ್ಲಿ ಅವರ ಸರಿಸಮ ಇಲ್ಲ. ಆದರೆ "ಮಿತ್ತಿನ ಇಲ್ಲ್‌ಡ್ ಅಜ್ಜಿ ಉಲ್ಲೆರ್" (ಮೇಲಿನ ಮನೆಯಲ್ಲಿ ಅಜ್ಜಿ ಇದ್ದಾರೆ) ಎಂದು ಯಾರಾದರೂ ಕೂಗಿದರೆ ಅವರಿಗೆ ಹೇಗೆ ಗೊತ್ತಾಗಬೇಕು? ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ಬಲ್ಲವರು ನಿಮ್ಮ ಪೇಟೆಯಲ್ಲಿ ಬೇಕಾದಷ್ಟು ಇದ್ದಾರೆ. ವೈರ್‌ಲೆಸ್ಸಿನಲ್ಲಿ ಗುಟ್ಟಿನ ಸಂಕೇತ, ಸಂಖ್ಯೆ ಬೇಡ. ಎಲ್ಲರಿಗೂ ಅರ್ಥವಾಗುವ ಸಾದಾ ಮಾತು ಸಾಕು. ಜಾಗ ಗುರುತಿಸಲು ಮನೆಯ ಹೆಸರಿನ ಜತೆ ಹತ್ತಿರದ ಟ್ರಾನ್ಸ್‌ಫಾರ್ಮರಿನ ಸಂಖ್ಯೆ ಹೇಳಿ. ಒಂದೇ ಗ್ರಾಮದಲ್ಲಿ "ಪದವು" ಎಂಬ ಮನೆ ಮೂರು ಇರುತ್ತದೆ, ಆ ಸಂಖ್ಯೆ ಮಾತ್ರ ಒಂದೇ.

ಮಾಹಿತಿಯನ್ನು ಒಂದೆಡೆ ಕೂಡಿಸುವವರು ಬೇಕೆಂಬುದಕ್ಕೆ ಅಂಕೋಲಾದ ಶಿರೂರು ಎಲ್ಲರಿಗೂ ನೆನಪಿದೆ. 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿ 66ನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿಗೆ ದಬ್ಬಿತು. ಒಂದು ಗ್ಯಾಸ್ ಟ್ಯಾಂಕರ್ ಕೂಡ ಹೊಳೆಗೆ ಬಿತ್ತು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಸೇನೆ, ನೌಕಾಪಡೆ, ಮಲ್ಪೆಯ ಮುಳುಗುಗಾರರು ಎಲ್ಲರೂ ದುಡಿದರು. ಕೇರಳದ ಚಾಲಕನ ಲಾರಿಯನ್ನು ಮೊದಲ ದಿನಗಳಲ್ಲಿ ಮಣ್ಣಿನ ರಾಶಿಯಲ್ಲಿ ಹುಡುಕಿದರು. ಕೊನೆಗೆ ಸೆಪ್ಟೆಂಬರ್ 25ರಂದು ಅದು ಸಿಕ್ಕಿದ್ದು ನದಿಯೊಳಗೆ, ಹೂಳೆತ್ತುವ ಹಡಗು ತರಿಸಿದ ಮೇಲೆ. ಆ ಹರಿವಿನಲ್ಲಿ ಬೇಗ ಸಿಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಯಾವ ಸಾಕ್ಷಿ ಏನು ಹೇಳಿತು, ಯಾವ ಯಂತ್ರ ಎಲ್ಲಿ ತೋರಿಸಿತು, ನಿನ್ನೆ ಎಲ್ಲಿ ಹುಡುಕಿ ಆಯಿತು ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತಾ ಕೂರುವ ನಾಲ್ಕು ಜನ ಗುದ್ದಲಿ ಹಿಡಿದವರಷ್ಟೇ ಮುಖ್ಯ. ಮಾರ್ಗಸೂಚಿ ಅವರನ್ನು ಯೋಜನಾ ವಿಭಾಗ ಎನ್ನುತ್ತದೆ. ಟಿ.ವಿ.ಯವರ ಕ್ಯಾಮೆರಾಕ್ಕೆ ಅವರು ಸಿಗುವುದಿಲ್ಲ, ಆದ್ದರಿಂದ ಯಾರಿಗೂ ಆ ಕೆಲಸ ಬೇಡ.

ಪ್ರಶ್ನೆ: ನೆರೆ ಸಮಯ ನಮ್ಮ ತಾಲೂಕು ಕಚೇರಿಯವರು ಮೂರು ರಾತ್ರಿ ನಿದ್ದೆ ಮಾಡದೆ ದುಡಿದರು. ಅವರನ್ನು ಸನ್ಮಾನಿಸಬೇಕೆಂದು ಇದ್ದೇವೆ. ತಾವು ಬರಬಹುದೇ?
— ಬಂಟ್ವಾಳ

ಉತ್ತರ: ಖಂಡಿತ ಬರುತ್ತೇನೆ, ಆದರೆ ವೇದಿಕೆಯಲ್ಲಿ ಅಹಿತವಾದದ್ದನ್ನೇ ಹೇಳಬೇಕಾದೀತು. ಮೂರು ರಾತ್ರಿ ನಿದ್ದೆಗೆಟ್ಟವರ ಅಪ್ಪಣೆಯಂತೆ ಹೊಳೆಗೆ ದೋಣಿ ಇಳಿಸುವುದು ಅಪಾಯ. ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆಗೊಮ್ಮೆ ಯೋಜನೆ ಹೊಸದಾಗಿ ಬರೆಯಬೇಕು, ಆ ಹೊತ್ತಿಗೆ ಜನವೂ ಬದಲಾಗಬೇಕು. ತಹಶೀಲ್ದಾರರ ಬದಲಿಗೆ ರಾತ್ರಿ ಯಾರು ಕೂರುತ್ತಾರೆ ಎಂದು ಲಿಖಿತವಾಗಿ ಗೊತ್ತುಮಾಡದ ತಾಲೂಕು ಇನ್ನೂ ಸಿದ್ಧವಾಗಿಲ್ಲ ಎಂದೇ ಲೆಕ್ಕ.

ಪ್ರಶ್ನೆ: ಕಂಬಳ, ಬ್ರಹ್ಮಕಲಶ, ದೊಡ್ಡ ಸಾಂಸ್ಕೃತಿಕ ಉತ್ಸವ ಎಂದು ಮೂಡುಬಿದಿರೆಗೆ ಲಕ್ಷ ಜನ ಬರುವ ದಿನಗಳುಂಟು. ಬೆಂಗಳೂರಿನ ಕ್ರೀಡಾಂಗಣದಲ್ಲಿ ಆದದ್ದು ಇಲ್ಲಿ ಆಗದ ಹಾಗೆ ಏನು ಮಾಡಬೇಕು? ನಾನು ಸ್ವಯಂಸೇವಕರ ತಂಡದಲ್ಲಿರುವ ವಿದ್ಯಾರ್ಥಿ.

ಉತ್ತರ: 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಗೇಟಿನ ಹತ್ತಿರದ ನೂಕುನುಗ್ಗಲಿನಲ್ಲಿ. ಉತ್ಸವಕ್ಕೂ ಅವಘಡಕ್ಕೂ ವ್ಯವಸ್ಥೆ ಒಂದೇ. ಉತ್ಸವದ ದಿನಾಂಕ ಮೊದಲೇ ಗೊತ್ತಿರುತ್ತದೆ ಎಂಬುದಷ್ಟೇ ಅನುಕೂಲ. ಆಡಳಿತ ಮಂಡಳಿ, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆ ಒಂದು ಕೋಣೆಯಲ್ಲಿ ಕೂರಲಿ. ಗೇಟ್ ಮುಚ್ಚಿ ಎನ್ನುವ, ಕಾರ್ಯಕ್ರಮ ನಿಲ್ಲಿಸಿ ಎನ್ನುವ ಅಧಿಕಾರ ಯಾರಿಗೆಂದು ಮೊದಲೇ ಬರೆದಿಡಿ. ಅತಿಥಿಗಳು ವೇದಿಕೆಯಲ್ಲಿರುವಾಗ "ನಿಲ್ಲಿಸಿ" ಎನ್ನಲು ನಮ್ಮವರಿಗೆ ದಾಕ್ಷಿಣ್ಯ, ಅದಕ್ಕೇ ಮೊದಲೇ ಬರೆಯುವುದು. ಮೈಕಿನಲ್ಲಿ ಮಾತಾಡುವವರು ಒಬ್ಬರೇ ಇರಲಿ. ಅವರಿಗೆ ತುಳುವೂ ಬರಲಿ. ಹೊರದಾರಿಯಲ್ಲಿ ಐಸ್‌ಕ್ರೀಂ ಗಾಡಿ, ಚರುಂಬುರಿ ಗಾಡಿ ನಿಲ್ಲಲು ಬಿಡಬೇಡಿ. ನೀವು ವಿದ್ಯಾರ್ಥಿಗಳು ಮಾಡಬಹುದಾದ ದೊಡ್ಡ ಕೆಲಸ ಅದೇ, ಮತ್ತು ಅದರಲ್ಲಿ ನೀವು ಬೈಸಿಕೊಳ್ಳುವುದೂ ಖಚಿತ.

ಪ್ರಶ್ನೆ: "ಡ್ಯಾಮ್ ಒಡೆದಿದೆ, ಓಡಿ" ಎಂಬ ಧ್ವನಿ ಸಂದೇಶ ಪ್ರತಿ ಮಳೆಗಾಲ ಬರುತ್ತದೆ. ಫಾರ್ವರ್ಡ್ ಮಾಡದಿದ್ದರೆ ಪಾಪ, ಮಾಡಿದರೆ ತಪ್ಪು. ಏನು ಮಾಡಲಿ?
— ಗೃಹಿಣಿ, ಬಿ.ಸಿ. ರೋಡ್

ಉತ್ತರ: 1077ಕ್ಕೆ ಫೋನ್ ಮಾಡಿ ಅಮ್ಮ. ಜಿಲ್ಲಾಧಿಕಾರಿ ಕಚೇರಿಯ ನಿಯಂತ್ರಣ ಕೊಠಡಿ ಅದು. ಸುಳ್ಳೆಂದು ತಿಳಿದೂ ಭಯ ಹುಟ್ಟಿಸುವ ಸುದ್ದಿ ಹಬ್ಬಿಸಿದರೆ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಮಿನಲ್ಲಿ ಒಂದು ವರ್ಷದ ತನಕ ಜೈಲು. ಆದರೆ ವದಂತಿ ಹುಟ್ಟುವುದು ಅಧಿಕೃತ ಸುದ್ದಿ ತಡವಾದಾಗ. ಮಾಹಿತಿ ಅಧಿಕಾರಿ ಎರಡು ಗಂಟೆಗೊಮ್ಮೆ ನೀರಿನ ಮಟ್ಟ ಇಷ್ಟು ಎಂದು ಒಂದು ಸಾಲು ಹಾಕಿದರೂ ನಿಮ್ಮ ಗುಂಪು ಅರ್ಧ ತಣ್ಣಗಾಗುತ್ತದೆ.

ಪ್ರಶ್ನೆ: ನಮ್ಮ ಪಂಚಾಯತಿಯಲ್ಲಿ ಇದಕ್ಕೆಂದು ಹಣ ಇಲ್ಲ. ಹಣ ಇಲ್ಲದೆ ಮಳೆಗಾಲದ ಮೊದಲು ಮಾಡಬಹುದಾದದ್ದು ಏನಾದರೂ ಉಂಟೇ?
— ಪಂಚಾಯತ್ ಸಿಬ್ಬಂದಿ, ಬೆಳ್ತಂಗಡಿ ತಾಲೂಕು

ಉತ್ತರ: ಒಂದು ಮಧ್ಯಾಹ್ನ, ಒಂದು ಮೇಜು, ಚಹಾ. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಬೀಟ್ ಪೊಲೀಸ್, ಮೆಸ್ಕಾಂನವರು, ಆಶಾ ಕಾರ್ಯಕರ್ತೆ, ಅರಣ್ಯ ಗಾರ್ಡ್, ಶೌರ್ಯದ ಇಬ್ಬರು, ಜೀಪಿನವರೊಬ್ಬರು. ನೆರಿಯ ಗ್ರಾಮವಾದರೆ ಅಲ್ಲಿ ಹಾದುಹೋಗುವ ತೈಲ ಪೈಪ್‌ಲೈನಿನವರೂ ಬರಲಿ. ಅವರ ಪಂಪಿಂಗ್ ಸ್ಟೇಷನ್ ಅಲ್ಲೇ ಉಂಟು. ಮೇಜಿನ ಮೇಲೆ ಗ್ರಾಮದ ನಕ್ಷೆ ಹಾಸಿ. "ಈಗ ರಾತ್ರಿ ಎರಡು ಗಂಟೆ, ಸಂಕ ಹೋಯಿತು, ಆಚೆ ಬದಿಯಲ್ಲಿ ತುಂಬು ಗರ್ಭಿಣಿ ಇದ್ದಾಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ" ಎಂದು ಹೇಳಿ ಸುಮ್ಮನಿರಿ. ಯಾರು ಮೊದಲು ಯಾರಿಗೆ ಹೇಳುತ್ತಾರೆ, ಯಾರು ಹೊರಡುತ್ತಾರೆ, ಯಾವ ದಾರಿಯಲ್ಲಿ, ಯಾರ ಜೀಪಿನಲ್ಲಿ ಎಂದು ಅವರೇ ಮಾತಾಡಲಿ. ಎರಡು ಗಂಟೆ ಹೊತ್ತಿನಲ್ಲಿ ಐದಾರು ತೂತು ಕಾಣಿಸುತ್ತದೆ. ಶಾಲೆಯ ಬೀಗದ ಕೈ ಇಟ್ಟುಕೊಂಡವರು ಪರವೂರಿನಲ್ಲಿ ಇದ್ದಾರೆ ಎಂಬಂಥದ್ದು. ಕಾಳಜಿ ಕೇಂದ್ರ ಮಾಡಬೇಕಾದ ಕಟ್ಟಡವೇ ಹೊಳೆಯ ಪಾತ್ರದಲ್ಲಿದೆ ಎಂಬಂಥದ್ದೂ ಸಿಕ್ಕೀತು.

ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೇಲೆ ಆ ಹೊತ್ತಿನ ಮುಖ್ಯಸ್ಥರು ಯಾರು, ಅವರಿಲ್ಲದಿದ್ದರೆ ಯಾರು, ಅವರೂ ಇಲ್ಲದಿದ್ದರೆ ಯಾರು ಎಂದು ಮೂರು ಹೆಸರು. ಕೆಳಗೆ ಫೋನ್ ಸಂಖ್ಯೆಗಳು. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಠಾಣೆಗೆ, ಒಂದು ಅಗ್ನಿಶಾಮಕ ಠಾಣೆಗೆ, ಪಕ್ಕದ ಪಂಚಾಯತಿಗೂ ಒಂದು. ಮೇ ಕೊನೆಯೊಳಗೆ ಒಬ್ಬರು ಕೂತು ಆ ಸಂಖ್ಯೆಗಳಿಗೆಲ್ಲ ಒಂದೊಂದಾಗಿ ಕರೆ ಮಾಡಿ ನೋಡಲಿ. ವರ್ಗವಾದವರು, ಸಿಮ್ ಬದಲಿಸಿದವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ.